ಭತ್ತದ ಬೀಜದಿಂದ ಗಾಜಿನ ಸೀಸೆಯ ಪೈರು: ಅಂಗಾಂಶ ಕೃಷಿಯ ವಿಧಾನ, ಮಿತಿ ಮತ್ತು ಕರ್ನಾಟಕದ ನಂಟು

ಬೆಂಗಳೂರು: ಅಂಗಾಂಶ ಕೃಷಿ ಎಂದೊಡನೆ ರಾಜ್ಯದ ಬಹುತೇಕ ಓದುಗರಿಗೆ ನೆನಪಾಗುವುದು ಬಾಳೆ. ಒಂದೇ ಎತ್ತರದ, ಒಂದೇ ಕಾಲಕ್ಕೆ ಗೊನೆ ಹಾಕುವ ಜಿ-9 ಬಾಳೆಯ ಸಸಿಗಳು ಇಂದು ಸಾಮಾನ್ಯ ನರ್ಸರಿಗಳಲ್ಲೂ ದೊರೆಯುತ್ತವೆ. ಆದರೆ ಇದೇ ತಂತ್ರಜ್ಞಾನವು ನಮ್ಮ ನಿತ್ಯದ ಅನ್ನದ ಬೆಳೆಯಾದ ಭತ್ತದಲ್ಲಿ ಬೇರೆಯೇ ಪಾತ್ರ ವಹಿಸುತ್ತಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಭತ್ತದ ಬೀಜವನ್ನು ಪ್ರಯೋಗಾಲಯದಲ್ಲಿ ಜೀವಕೋಶಗಳ ಮುದ್ದೆಯನ್ನಾಗಿ ಪರಿವರ್ತಿಸಿ, ಆ ಮುದ್ದೆಯಿಂದ ಮತ್ತೆ ಇಡೀ ಪೈರನ್ನು ಪಡೆಯುವ ವಿಧಾನವು ಕಳೆದ ಆರು ದಶಕಗಳ ಭತ್ತದ ಸಂಶೋಧನೆಯ ಹೆಬ್ಬಾಗಿಲಾಗಿದೆ. 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಜೀನೋಮ್ ತಿದ್ದುಪಡಿಯ ಎರಡು ಭತ್ತದ ತಳಿಗಳ ಹಿಂದೆಯೂ ಇದೇ ಬಗೆಯ ಕೆಲಸವಿದೆ.

ಪೀಣ್ಯ, ಲಗ್ಗೆರೆ, ಯಶವಂತಪುರದ ಸುತ್ತಮುತ್ತ ವಾಸಿಸುವ ಅನೇಕ ವಿದ್ಯಾರ್ಥಿಗಳು ಜೈವಿಕ ತಂತ್ರಜ್ಞಾನದ ಪದವಿಗೆ ಸೇರಿ ಮೊದಲ ಬಾರಿಗೆ ಕೈಯಾಡಿಸುವ ಪ್ರಯೋಗಗಳ ಪೈಕಿ ಇದೂ ಒಂದು. ಅವರಿಗೂ, ಮುಂದೆ ಯಾವ ಅಕ್ಕಿ ತಮ್ಮ ತಟ್ಟೆಗೆ ಬರಲಿದೆ ಎಂಬ ಕುತೂಹಲವುಳ್ಳ ಸಾಮಾನ್ಯ ಓದುಗರಿಗೂ ಉಪಯುಕ್ತವಾಗುವಂತೆ ಈ ವಿಧಾನದ ಹಂತಗಳನ್ನು, ಅದರ ತೊಡಕುಗಳನ್ನು ಮತ್ತು ಕರ್ನಾಟಕದ ಮಟ್ಟಿಗೆ ಅದರ ಮಹತ್ವವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಜೀವಕೋಶದಲ್ಲಿ ಇಡೀ ಗಿಡ

ಸಸ್ಯದ ಪ್ರತಿಯೊಂದು ಜೀವಂತ ಕೋಶದಲ್ಲೂ ಇಡೀ ಗಿಡವನ್ನು ರೂಪಿಸಲು ಬೇಕಾದ ಆನುವಂಶಿಕ ಮಾಹಿತಿ ಅಡಗಿದೆ. ಸೂಕ್ತ ಆಹಾರ ಮತ್ತು ಪರಿಸರ ಒದಗಿಸಿದರೆ ಬೇರ್ಪಡಿಸಿದ ಕೋಶವೊಂದನ್ನು ಪೋಷಿಸಿ ಬೆಳೆಸಬಹುದು ಎಂಬ ಆಲೋಚನೆಯನ್ನು ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲಿಬ್ ಹ್ಯಾಬರ್‌ಲಾಂಡ್ 1902ರಲ್ಲಿ ಮುಂದಿಟ್ಟರು. ಅವರ ಪ್ರಯೋಗಗಳು ಕೈಗೂಡಲಿಲ್ಲ. ಆಲೋಚನೆ ಮಾತ್ರ ಉಳಿಯಿತು.

1957ರಲ್ಲಿ ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ಅವರು ತಂಬಾಕಿನ ಅಂಗಾಂಶದ ಮೇಲೆ ನಡೆಸಿದ ಪ್ರಯೋಗಗಳು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿದವು. ಆಕ್ಸಿನ್ ಮತ್ತು ಸೈಟೋಕೈನಿನ್ ಎಂಬ ಎರಡು ಬಗೆಯ ಸಸ್ಯ ಹಾರ್ಮೋನುಗಳ ಪ್ರಮಾಣವನ್ನು ಹೊಂದಿಸಿದಂತೆ ಅಂಗಾಂಶವು ಬೇರು ಬಿಡುತ್ತದೆಯೋ, ಚಿಗುರು ಹೊರಡಿಸುತ್ತದೆಯೋ ಅಥವಾ ಆಕಾರವಿಲ್ಲದ ಮುದ್ದೆಯಾಗಿಯೇ ಬೆಳೆಯುತ್ತದೆಯೋ ಎಂಬುದು ನಿರ್ಧಾರವಾಗುತ್ತದೆ ಎಂದು ಅವರು ತೋರಿಸಿದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಪೋಷಕಾಂಶಗಳ ಮಿಶ್ರಣವು 'ಎಂಎಸ್ ಮಾಧ್ಯಮ' ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಈ ಕಥನದಲ್ಲಿ ಭಾರತಕ್ಕೂ ಗೌರವದ ಸ್ಥಾನವಿದೆ. ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ ಅವರು 1964ರಲ್ಲಿ ದತ್ತೂರ ಗಿಡದ ಪರಾಗಕೋಶಗಳನ್ನು ಮಾಧ್ಯಮದಲ್ಲಿಟ್ಟು ಭ್ರೂಣಗಳನ್ನು ಪಡೆದರು. ಪರಾಗದಿಂದ ನೇರವಾಗಿ ಗಿಡ ಬೆಳೆಸಬಹುದೆಂಬುದನ್ನು ಜಗತ್ತಿಗೆ ತಿಳಿಸಿದ ಆವಿಷ್ಕಾರವಿದು. ನಾಲ್ಕೇ ವರ್ಷಗಳಲ್ಲಿ, ಅಂದರೆ 1968ರಲ್ಲಿ, ಜಪಾನಿನ ನೀಜೆಕಿ ಮತ್ತು ಊನೊ ಇದೇ ಮಾರ್ಗವನ್ನು ಭತ್ತಕ್ಕೆ ಅನ್ವಯಿಸಿ ಯಶಸ್ವಿಯಾದರು. ಭತ್ತದ ಬೇರಿನಿಂದ ಪಡೆದ ಕೋಶಮುದ್ದೆಯಿಂದ ಮತ್ತೆ ಗಿಡ ಹುಟ್ಟಿಸಿದ ವರದಿಯೂ ಅದೇ ವರ್ಷ ಜಪಾನಿನಿಂದಲೇ ಬಂತು.

ಬೀಜವೇ ಏಕೆ?

ಭತ್ತದ ಎಳೆಯ ತೆನೆ, ಎಲೆಯ ಬುಡ, ಬೇರು, ಪರಾಗಕೋಶ ಹೀಗೆ ಹಲವು ಭಾಗಗಳಿಂದ ಅಂಗಾಂಶ ಕೃಷಿ ಆರಂಭಿಸಬಹುದು. ಆದರೆ ಹೆಚ್ಚಿನ ಪ್ರಯೋಗಾಲಯಗಳು ಬಲಿತ ಬೀಜವನ್ನೇ ಆಯ್ದುಕೊಳ್ಳುತ್ತವೆ. ಬೀಜವನ್ನು ವರ್ಷವಿಡೀ ಸಂಗ್ರಹಿಸಿಡಬಹುದು, ಗದ್ದೆಯಲ್ಲಿ ಬೆಳೆ ಇರಬೇಕೆಂದಿಲ್ಲ, ಋತುವಿಗಾಗಿ ಕಾಯಬೇಕಿಲ್ಲ. ಹಸಿರುಮನೆಯಿಲ್ಲದ ಸಣ್ಣ ಪ್ರಯೋಗಾಲಯಕ್ಕೂ ಇದು ಸಾಧ್ಯ.

ಬೀಜದೊಳಗೆ ನಿಜವಾಗಿ ಕೆಲಸಕ್ಕೆ ಬರುವುದು ಭ್ರೂಣ. ಅದರಲ್ಲೂ ಸ್ಕ್ಯುಟೆಲ್ಲಮ್ ಎಂಬ ಗುರಾಣಿಯಾಕಾರದ ಭಾಗ. ಪಿಷ್ಟ ತುಂಬಿದ ಭಾಗಕ್ಕೂ ಎಳೆಯ ಸಸಿಗೂ ನಡುವೆ ಇದ್ದು, ಮೊಳಕೆಯೊಡೆಯುವಾಗ ಆಹಾರವನ್ನು ಹೀರಿ ಸಸಿಗೆ ಒದಗಿಸುವುದು ಅದರ ಸಹಜ ಕಾರ್ಯ. ಇದರ ಹೊರಪದರದ ಕೋಶಗಳು ಹಾರ್ಮೋನಿನ ಪ್ರಚೋದನೆಗೆ ಬೇಗ ಸ್ಪಂದಿಸಿ ವಿಭಜನೆಗೊಳ್ಳುತ್ತವೆ.

ಅಂಗಡಿಯಿಂದ ತಂದ ಅಕ್ಕಿಯಲ್ಲಿ ಈ ಪ್ರಯೋಗ ಮಾಡಬಹುದೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬರುವುದುಂಟು. ಸಾಧ್ಯವಿಲ್ಲ. ಗಿರಣಿಯಲ್ಲಿ ಪಾಲಿಶ್ ಮಾಡುವಾಗ ತೌಡಿನೊಂದಿಗೆ ಭ್ರೂಣವೂ ಹೋಗಿರುತ್ತದೆ. ಬಿಳಿ ಅಕ್ಕಿಯ ಒಂದು ತುದಿಯಲ್ಲಿ ಕಾಣುವ ಸಣ್ಣ ಕಚ್ಚು ಭ್ರೂಣವಿದ್ದ ಜಾಗ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಭ್ರೂಣದ ಅಂಶ ಉಳಿದಿದ್ದರೂ ಭತ್ತವನ್ನು ಬೇಯಿಸಿ ಒಣಗಿಸಿರುವ ಕಾರಣ ಅದು ಜೀವಂತವಾಗಿರುವುದಿಲ್ಲ. ಆದ್ದರಿಂದ ಬಿತ್ತನೆ ಯೋಗ್ಯ ಭತ್ತವನ್ನೇ ತಂದು, ಸಿಪ್ಪೆಯನ್ನು ಕೈಯಿಂದ ಅಥವಾ ಮರಳು ಕಾಗದದ ನಡುವೆ ಮೃದುವಾಗಿ ಉಜ್ಜಿ ಬಿಡಿಸುವುದು ರೂಢಿ. ಭ್ರೂಣಕ್ಕೆ ಪೆಟ್ಟಾದ ಕಾಳುಗಳನ್ನೂ ಕಪ್ಪು ಚುಕ್ಕೆಯುಳ್ಳವನ್ನೂ ಈ ಹಂತದಲ್ಲೇ ತೆಗೆದುಹಾಕಬೇಕು.

ಮೊದಲ ಹಂತ: ಸೋಂಕು ನಿವಾರಣೆ

ಗದ್ದೆಯಿಂದ ಬಂದ ಭತ್ತದ ಮೇಲೆ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಬೀಜಕಣಗಳು ಇದ್ದೇ ಇರುತ್ತವೆ. ಸಕ್ಕರೆಯಿರುವ ಮಾಧ್ಯಮಕ್ಕೆ ಇವು ಸೇರಿದರೆ ಭತ್ತದ ಕೋಶಗಳಿಗಿಂತ ಹಲವು ಪಟ್ಟು ವೇಗವಾಗಿ ಬೆಳೆದು ಎರಡು ಮೂರು ದಿನಗಳಲ್ಲೇ ಸೀಸೆಯನ್ನು ಆವರಿಸುತ್ತವೆ. ಹೀಗಾಗಿ ಮೊದಲ ಹೋರಾಟ ಸೋಂಕಿನ ವಿರುದ್ಧವೇ.

ಸಿಪ್ಪೆ ತೆಗೆದ ಕಾಳುಗಳನ್ನು ಶೇ 70ರ ಮದ್ಯಸಾರದಲ್ಲಿ ಸುಮಾರು ಒಂದು ನಿಮಿಷ ಅದ್ದಿ ತೆಗೆಯಲಾಗುತ್ತದೆ. ಅನಂತರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ 20ರಿಂದ 30 ನಿಮಿಷ ಅಲುಗಾಡಿಸುತ್ತಾ ಇಡಲಾಗುತ್ತದೆ. ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ದ್ರಾವಣದಲ್ಲಿರುವ ರಾಸಾಯನಿಕವೂ ಇದೇ. ಕಾಳಿನ ಮೇಲ್ಮೈಗೆ ದ್ರಾವಣ ಚೆನ್ನಾಗಿ ಅಂಟಲೆಂದು ಒಂದೆರಡು ಹನಿ ಮಾರ್ಜಕವನ್ನು ಬೆರೆಸುವುದುಂಟು. ಕೊನೆಗೆ ಸೋಂಕುರಹಿತ ಶುದ್ಧ ನೀರಿನಲ್ಲಿ ಮೂರರಿಂದ ಐದು ಬಾರಿ ತೊಳೆದು, ಸೋಂಕುರಹಿತ ಕಾಗದದ ಮೇಲೆ ತೇವ ಆರಿಸಲಾಗುತ್ತದೆ.

ಹಿಂದೆ ಈ ಕೆಲಸಕ್ಕೆ ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ಲವಣವನ್ನು ವ್ಯಾಪಕವಾಗಿ ಬಳಸುತ್ತಿದ್ದರು. ಅದು ಪರಿಣಾಮಕಾರಿ, ಆದರೆ ಘೋರ ವಿಷ. ಅದರ ತ್ಯಾಜ್ಯವನ್ನು ಚರಂಡಿಗೆ ಸುರಿಯುವಂತಿಲ್ಲ. ಕಾಲೇಜು ಪ್ರಯೋಗಾಲಯಗಳಲ್ಲಿ ಅದನ್ನು ಕೈಬಿಡುವುದೇ ಕ್ಷೇಮ.

ಇಲ್ಲಿಂದ ಮುಂದಿನ ಎಲ್ಲ ಕೆಲಸವೂ ಲ್ಯಾಮಿನಾರ್ ಏರ್ ಫ್ಲೋ ಎಂಬ ಮೇಜಿನ ಮೇಲೆ ನಡೆಯಬೇಕು. ಅತಿಸೂಕ್ಷ್ಮ ಶೋಧಕದ ಮೂಲಕ ಹಾದುಬರುವ ಗಾಳಿಯು ಒಂದೇ ದಿಕ್ಕಿನಲ್ಲಿ ಹರಿಯುತ್ತಾ ಹೊರಗಿನ ಧೂಳು ಒಳಬರದಂತೆ ತಡೆಯುತ್ತದೆ. 0.3 ಮೈಕ್ರಾನ್ ಗಾತ್ರದ ಕಣಗಳ ಪೈಕಿ ಶೇ 99.97ರಷ್ಟನ್ನು ಈ ಶೋಧಕ ಹಿಡಿದಿಡಬೇಕೆಂಬುದು ಮಾನದಂಡ. ಚಿಮಟ, ಚಾಕು ಮೊದಲಾದವನ್ನು ಪ್ರತಿ ಬಾರಿಯೂ ಜ್ವಾಲೆಗೆ ಹಿಡಿದು ಬಳಸಬೇಕು.

ಎರಡನೇ ಹಂತ: ಮಾಧ್ಯಮದ ತಯಾರಿ

ಮಣ್ಣು, ಬಿಸಿಲು, ಎಲೆ ಇವು ಮೂರೂ ಇಲ್ಲದ ಕೋಶಗಳಿಗೆ ಮಾಧ್ಯಮವೇ ಸರ್ವಸ್ವ. ಸಾರಜನಕ, ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಗಳು, ಕಬ್ಬಿಣ, ಸತು ಮುಂತಾದ ಸೂಕ್ಷ್ಮ ಪೋಷಕಾಂಶಗಳು, ಜೀವಸತ್ವಗಳು ಮತ್ತು ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ ಇದರಲ್ಲಿರುತ್ತವೆ. ಮಾಧ್ಯಮ ಗಟ್ಟಿಯಾಗಲು ಕಡಲಪಾಚಿಯಿಂದ ತಯಾರಾಗುವ ಅಗಾರ್ ಅಥವಾ ಗೆಲ್ಲಾನ್ ಗಮ್ ಸೇರಿಸುತ್ತಾರೆ. ಆಮ್ಲೀಯತೆಯ ಮಟ್ಟ 5.8ಕ್ಕೆ ಹೊಂದಿಸಿದ ಬಳಿಕ ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ 15ರಿಂದ 20 ನಿಮಿಷ ಹಬೆಯ ಒತ್ತಡಕ್ಕೆ ಒಳಪಡಿಸಲಾಗುತ್ತದೆ. ಆಟೋಕ್ಲೇವ್ ಎಂದರೆ ತತ್ವದಲ್ಲಿ ಅಡುಗೆಮನೆಯ ಪ್ರೆಷರ್ ಕುಕ್ಕರಿನ ದೊಡ್ಡ ರೂಪವೇ.

ಭತ್ತಕ್ಕೆ ಎಂಎಸ್ ಮಾಧ್ಯಮದ ಜೊತೆಗೆ ಮತ್ತೊಂದು ಹೆಸರೂ ಮುಖ್ಯ. 1975ರಲ್ಲಿ ಚೀನಾದ ವಿಜ್ಞಾನಿಗಳು ಭತ್ತದ ಪರಾಗಕೋಶ ಕೃಷಿಗೆಂದೇ ರೂಪಿಸಿದ 'ಎನ್6' ಮಾಧ್ಯಮದಲ್ಲಿ ಅಮೋನಿಯಂ ರೂಪದ ಸಾರಜನಕದ ಪ್ರಮಾಣ ಎಂಎಸ್‌ಗಿಂತ ಕಡಿಮೆ. ಭತ್ತದ ಅನೇಕ ತಳಿಗಳು, ವಿಶೇಷವಾಗಿ ಜಪೋನಿಕಾ ಗುಂಪಿನವು, ಇದರಲ್ಲಿ ಚೆನ್ನಾಗಿ ಬೆಳೆಯುತ್ತವೆ. ಪ್ರೋಲಿನ್ ಎಂಬ ಅಮೈನೊ ಆಮ್ಲವನ್ನೂ ಹಾಲಿನ ಪ್ರೋಟೀನಿನಿಂದ ತಯಾರಾದ ಕೇಸಿನ್ ಹೈಡ್ರೊಲೈಸೇಟ್ ಅನ್ನೂ ಪೂರಕವಾಗಿ ಸೇರಿಸುವ ಪದ್ಧತಿ ಇದೆ.

ಮೂರನೇ ಹಂತ: ಕ್ಯಾಲಸ್ ಎಂಬ ಮುದ್ದೆ

ಮಾಧ್ಯಮಕ್ಕೆ ಲೀಟರಿಗೆ ಸುಮಾರು 2 ಮಿಲಿಗ್ರಾಂ 2,4-ಡಿ ಸೇರಿಸಿ, ಅದರ ಮೇಲೆ ಶುದ್ಧೀಕರಿಸಿದ ಕಾಳುಗಳನ್ನು ಭ್ರೂಣದ ಭಾಗ ಮೇಲ್ಮುಖವಾಗಿರುವಂತೆ ಇಡಲಾಗುತ್ತದೆ. 2,4-ಡಿ ಎಂಬ ಹೆಸರು ನಮ್ಮ ರೈತರಿಗೆ ಅಪರಿಚಿತವಲ್ಲ. ಗದ್ದೆಯಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಸಿಂಪಡಿಸುವ ಕಳೆನಾಶಕವೂ ಇದೇ. ಅದು ಕೃತಕ ಆಕ್ಸಿನ್. ಹೆಚ್ಚಿನ ಪ್ರಮಾಣದಲ್ಲಿ ಕಳೆಯನ್ನು ಕೊಲ್ಲುವ ಈ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಭತ್ತದ ಭ್ರೂಣದ ಕೋಶಗಳನ್ನು ತಮ್ಮ ನಿಗದಿತ ಕೆಲಸ ಮರೆತು ವಿಭಜಿಸುವಂತೆ ಪ್ರೇರೇಪಿಸುತ್ತದೆ.

ಪೆಟ್ರಿ ತಟ್ಟೆಗಳನ್ನು 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಸಾಮಾನ್ಯವಾಗಿ ಕತ್ತಲೆಯಲ್ಲಿ ಇರಿಸಲಾಗುತ್ತದೆ. ಮೊದಲ ವಾರದಲ್ಲಿ ಕಾಳು ಎಂದಿನಂತೆ ಮೊಳಕೆಯೊಡೆಯುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಆದರೆ ಮೊಳಕೆಯ ಬುಡದಲ್ಲಿ ಸ್ಕ್ಯುಟೆಲ್ಲಮ್ ಉಬ್ಬಿಕೊಂಡು ಕ್ರಮೇಣ ಹರಳುಹರಳಾದ ಮುದ್ದೆ ಮೂಡುತ್ತದೆ. ಇದೇ ಕ್ಯಾಲಸ್. ಮೊಳಕೆ ಮತ್ತು ಬೇರನ್ನು ಕತ್ತರಿಸಿ ತೆಗೆದು ಕ್ಯಾಲಸನ್ನು ಮಾತ್ರ ಹೊಸ ಮಾಧ್ಯಮಕ್ಕೆ ವರ್ಗಾಯಿಸಬೇಕು. ಮೂರರಿಂದ ನಾಲ್ಕು ವಾರಗಳಲ್ಲಿ ಬಳಕೆಗೆ ಯೋಗ್ಯವಾದ ಕ್ಯಾಲಸ್ ಸಿದ್ಧವಾಗುತ್ತದೆ.

ಎಲ್ಲ ಕ್ಯಾಲಸ್ ಒಂದೇ ಬಗೆಯದಲ್ಲ. ತಿಳಿಹಳದಿ ಅಥವಾ ಕೆನೆ ಬಣ್ಣದ, ಒಣಗಿದಂತೆ ಕಾಣುವ, ಗಟ್ಟಿಯಾದ ಸಣ್ಣ ಗಂಟುಗಳಿರುವ ಕ್ಯಾಲಸ್ ಮುಂದೆ ಗಿಡವಾಗಬಲ್ಲದು. ನೀರು ತುಂಬಿದಂತೆ ಮೆತ್ತಗಿರುವ, ಪಾರದರ್ಶಕವಾದ ಅಥವಾ ಕಂದು ಬಣ್ಣಕ್ಕೆ ತಿರುಗಿದ ಕ್ಯಾಲಸ್ ಎಷ್ಟೇ ವೇಗವಾಗಿ ಬೆಳೆದರೂ ಪ್ರಯೋಜನವಿಲ್ಲ. ಇವೆರಡನ್ನು ಬರಿಗಣ್ಣಿನಲ್ಲೇ ಬೇರ್ಪಡಿಸುವ ಪರಿಣತಿ ಪುಸ್ತಕದಿಂದ ಬರುವುದಿಲ್ಲ. ಹತ್ತಾರು ತಟ್ಟೆಗಳನ್ನು ನೋಡಿಯೇ ಬರಬೇಕು.

ನಾಲ್ಕನೇ ಹಂತ: ಮುದ್ದೆಯಿಂದ ಚಿಗುರು

ಆಯ್ದ ಕ್ಯಾಲಸನ್ನು 2,4-ಡಿ ಇಲ್ಲದ ಮಾಧ್ಯಮಕ್ಕೆ ಸ್ಥಳಾಂತರಿಸಿ, ಕೈನೆಟಿನ್ ಅಥವಾ ಬಿಎಪಿ ಎಂಬ ಸೈಟೋಕೈನಿನ್ ಅನ್ನು ಲೀಟರಿಗೆ 2ರಿಂದ 3 ಮಿಲಿಗ್ರಾಂ ಹಾಗೂ ಎನ್‌ಎಎ ಎಂಬ ಆಕ್ಸಿನ್ ಅನ್ನು ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ನೀಡುವುದು ಸಾಮಾನ್ಯ ಕ್ರಮ. ಈಗ ಬೆಳಕು ಬೇಕು: ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ. ಕೆಲವು ವಾರಗಳಲ್ಲಿ ಕೆನೆ ಬಣ್ಣದ ಮುದ್ದೆಯ ಮೇಲೆ ಹಸಿರು ಚುಕ್ಕೆಗಳು ಮೂಡುತ್ತವೆ. ಅವು ಚಿಗುರಾಗಿ ಎಲೆ ಬಿಡುತ್ತವೆ.

ಮಾಧ್ಯಮಕ್ಕೆ ವರ್ಗಾಯಿಸುವ ಮುನ್ನ ಕ್ಯಾಲಸನ್ನು ಒಂದೆರಡು ದಿನ ಒಣ ಶೋಧಕ ಕಾಗದದ ಮೇಲಿಟ್ಟು ಸ್ವಲ್ಪ ತೇವ ಕಳೆದುಕೊಳ್ಳುವಂತೆ ಮಾಡಿದರೆ ಚಿಗುರೊಡೆಯುವ ಪ್ರಮಾಣ ಹೆಚ್ಚುತ್ತದೆ ಎಂಬುದು ಹಲವು ತಳಿಗಳಲ್ಲಿ ಕಂಡುಬಂದಿದೆ. ಖರ್ಚಿಲ್ಲದ ಸರಳ ಉಪಾಯವಿದು.

ಐದನೇ ಹಂತ: ಬೇರು ಮತ್ತು ಹೊರಗಿನ ಗಾಳಿ

ಎರಡು ಮೂರು ಸೆಂಟಿಮೀಟರ್ ಎತ್ತರದ ಚಿಗುರುಗಳನ್ನು ಅರ್ಧ ಸಾಂದ್ರತೆಯ ಎಂಎಸ್ ಮಾಧ್ಯಮಕ್ಕೆ ಬದಲಾಯಿಸಿದರೆ ಎರಡು ಮೂರು ವಾರಗಳಲ್ಲಿ ಬಿಳಿ ಬೇರುಗಳು ಬರುತ್ತವೆ. ಆನಂತರದ ಹಂತವನ್ನು ಹದಗೊಳಿಸುವಿಕೆ ಎನ್ನುತ್ತಾರೆ. ಸೀಸೆಯೊಳಗಿನ ಆರ್ದ್ರತೆಗೆ ಒಗ್ಗಿದ ಎಲೆಗಳ ಮೇಲೆ ಮೇಣದ ಪದರ ತೆಳುವಾಗಿರುತ್ತದೆ. ನೇರವಾಗಿ ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಬಾಡುತ್ತವೆ. ಬೇರಿಗೆ ಅಂಟಿದ ಅಗಾರನ್ನು ನಿಧಾನವಾಗಿ ತೊಳೆದು, ಮೊದಲು ನೀರಿನಲ್ಲಿ, ಆಮೇಲೆ ಸೋಂಕುರಹಿತ ಮಣ್ಣಿನ ಕುಂಡದಲ್ಲಿ, ಪಾರದರ್ಶಕ ಹೊದಿಕೆಯಡಿ ಇರಿಸಿ ದಿನದಿನಕ್ಕೆ ಹೊದಿಕೆ ಸರಿಸಬೇಕು. ಸಕ್ಕರೆಯ ಅಂಶ ಬೇರಿನಲ್ಲಿ ಉಳಿದರೆ ಬೂಷ್ಟು ಹಿಡಿಯುವುದು ಖಚಿತ.

ಕಾಳಿನಿಂದ ಕುಂಡಕ್ಕೆ ಬರಲು ಒಟ್ಟು ಮೂರರಿಂದ ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ನೇರವಾಗಿ ಬಿತ್ತಿದ ಅದೇ ತಳಿಯ ಭತ್ತ ತೆನೆ ಹೊತ್ತು ನಿಂತಿರುತ್ತದೆ.

ಹಾಗಿದ್ದರೆ ಪ್ರಯೋಜನವೇನು?

ಬಾಳೆಗೆ ಬೀಜವಿಲ್ಲ. ಕಂದು ನೆಟ್ಟು ಬೆಳೆಸುವಾಗ ತಾಯಿ ಗಿಡದ ರೋಗವೂ ಜೊತೆಯಲ್ಲಿ ಬರುತ್ತದೆ. ಆದ್ದರಿಂದ ಅಲ್ಲಿ ಅಂಗಾಂಶ ಕೃಷಿ ಸಸಿಗೆ ಬೆಲೆಯಿದೆ. ಭತ್ತ ಹಾಗಲ್ಲ. ಅದು ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಂದು ತೆನೆಯಿಂದಲೇ ನೂರಾರು ಕಾಳು ದೊರೆಯುತ್ತದೆ. ತಳಿಯ ಶುದ್ಧತೆಯೂ ಬಹುಪಾಲು ಉಳಿಯುತ್ತದೆ. ಆದ್ದರಿಂದ ನಾಟಿಗೆಂದು 'ಅಂಗಾಂಶ ಕೃಷಿ ಭತ್ತದ ಸಸಿ'ಯನ್ನು ಹಣ ತೆತ್ತು ಕೊಳ್ಳುವುದರಲ್ಲಿ ರೈತನಿಗೆ ಯಾವ ಲಾಭವೂ ಇಲ್ಲ. ಅಂತಹ ಮಾರಾಟದ ಮಾತು ಕೇಳಿಬಂದರೆ ಎಚ್ಚರ ವಹಿಸುವುದು ಒಳಿತು.

ಭತ್ತದಲ್ಲಿ ಅಂಗಾಂಶ ಕೃಷಿಯ ಉಪಯೋಗ ಸಸಿಗಳ ಉತ್ಪಾದನೆಯಲ್ಲಲ್ಲ, ಹೊಸ ತಳಿಗಳ ಸೃಷ್ಟಿಯಲ್ಲಿ. ಒಂದು ಜೀವಕೋಶದಲ್ಲಿ ಬದಲಾವಣೆ ತಂದು, ಆ ಒಂದೇ ಕೋಶದಿಂದ ಇಡೀ ಗಿಡ ಪಡೆಯಬೇಕಾದರೆ ಕ್ಯಾಲಸ್ ಹಂತವೇ ಪ್ರಮುಖ ಮಾರ್ಗ. 1994ರಲ್ಲಿ ಜಪಾನಿನ ವಿಜ್ಞಾನಿಗಳು ಆಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೂಲಕ ಭತ್ತದ ಕ್ಯಾಲಸ್‌ಗೆ ವಂಶವಾಹಿ ಸೇರಿಸುವ ಸಮರ್ಥ ವಿಧಾನವನ್ನು ಪ್ರಕಟಿಸಿದರು. ಆ ಕ್ಯಾಲಸ್ ಮೂಡಿದ್ದು ಕೂಡ ಬೀಜದ ಸ್ಕ್ಯುಟೆಲ್ಲಮ್‌ನಿಂದಲೇ. 2000ದಲ್ಲಿ ವರದಿಯಾದ 'ಗೋಲ್ಡನ್ ರೈಸ್' ಕೂಡ ಅಂಗಾಂಶ ಕೃಷಿಯ ಹಾದಿಯಲ್ಲೇ ಬಂದದ್ದು.

ಜಿಕೆವಿಕೆಯ ಬೇರುಗಳ ಶೋಧ

ಕರ್ನಾಟಕದ ಭತ್ತದ ಸಂಶೋಧನೆಗೂ ಈ ತಂತ್ರಜ್ಞಾನಕ್ಕೂ ಇರುವ ಕೊಂಡಿಯನ್ನು ಬೆಂಗಳೂರಿನಲ್ಲೇ ಕಾಣಬಹುದು. ಅದಕ್ಕೆ ಮೊದಲು ಪರಾಗಕೋಶ ಕೃಷಿಯ ವೈಶಿಷ್ಟ್ಯ ತಿಳಿಯಬೇಕು. ಭತ್ತದ ಸಾಮಾನ್ಯ ಕೋಶದಲ್ಲಿ 24 ವರ್ಣತಂತುಗಳಿದ್ದರೆ ಪರಾಗದಲ್ಲಿ 12 ಮಾತ್ರ. ಪರಾಗದಿಂದ ಗಿಡ ಬೆಳೆಸಿ ಆ 12ನ್ನು ದ್ವಿಗುಣಗೊಳಿಸಿದರೆ ಪ್ರತಿ ಜೋಡಿಯೂ ತದ್ರೂಪವಾಗಿರುವ ಸಂಪೂರ್ಣ ಶುದ್ಧ ಸಾಲು ಒಂದೇ ತಲೆಮಾರಿನಲ್ಲಿ ದೊರೆಯುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ಇದಕ್ಕೆ ಆರೇಳು ತಲೆಮಾರು ಕಾಯಬೇಕು. ಕಟಕ್‌ನಲ್ಲಿರುವ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಇದೇ ಮಾರ್ಗದಲ್ಲಿ 'ಸತ್ಯಕೃಷ್ಣ' ಮತ್ತು 'ಫಲ್ಗುಣಿ' ಎಂಬ ತಳಿಗಳನ್ನು ನೀಡಿದೆ.

ನೀರಾವರಿ ಗದ್ದೆಯ ಜನಪ್ರಿಯ ತಳಿ ಐಆರ್-64 ಮತ್ತು ಫಿಲಿಪ್ಪೀನ್ಸಿನ ಮಳೆಯಾಶ್ರಿತ ತಳಿ 'ಅಝುಸೆನಾ' ಇವೆರಡರ ಸಂಕರದಿಂದ ಪರಾಗಕೋಶ ಕೃಷಿಯ ಮೂಲಕ ನೂರಕ್ಕೂ ಹೆಚ್ಚು ಶುದ್ಧ ಸಾಲುಗಳನ್ನು 1990ರ ದಶಕದ ಆರಂಭದಲ್ಲಿ ವಿದೇಶಿ ವಿಜ್ಞಾನಿಗಳು ಸಿದ್ಧಪಡಿಸಿದ್ದರು. ಐಆರ್-64ರ ಬೇರು ಆಳಕ್ಕಿಳಿಯದು. ಅಝುಸೆನಾದ ಬೇರು ದಪ್ಪ ಮತ್ತು ಆಳ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಶೈಲಜಾ ಹಿತ್ತಲಮನಿ, ಎಚ್.ಇ. ಶಶಿಧರ್ ಮತ್ತು ಸಹೋದ್ಯೋಗಿಗಳು ಈ ಸಾಲುಗಳನ್ನು ನೀರಿನ ಕೊರತೆಯಲ್ಲೂ ಸಮೃದ್ಧಿಯಲ್ಲೂ ಬೆಳೆಸಿ, ಬೇರು ಮತ್ತಿತರ ಗುಣಗಳನ್ನು ನಿಯಂತ್ರಿಸುವ ವರ್ಣತಂತುಗಳ ಭಾಗಗಳನ್ನು ಗುರುತಿಸುವ ಅಧ್ಯಯನ ನಡೆಸಿದರು. ಬೇರನ್ನು ಅಳೆಯಲು ಗಿಡ ಕೀಳಲೇಬೇಕು. ಒಮ್ಮೆ ಕಿತ್ತ ಗಿಡ ಮರಳಿ ಬಾರದು. ಆದರೆ ಸಂಪೂರ್ಣ ಶುದ್ಧ ಸಾಲಿನ ಬೀಜವನ್ನು ಎಷ್ಟು ಸಲ ಬಿತ್ತಿದರೂ ಅದೇ ಗಿಡ ಬರುತ್ತದೆ. ಪ್ರಯೋಗವನ್ನು ವರ್ಷದಿಂದ ವರ್ಷಕ್ಕೆ ಪುನರಾವರ್ತಿಸಲು ಸಾಧ್ಯವಾದದ್ದು ಇದರಿಂದಲೇ.

ಡಿಎನ್‌ಎ ಗುರುತುಗಳ ನೆರವಿನ ಆಯ್ಕೆಯ ವಿಧಾನದಲ್ಲಿ ಇದೇ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ 'ಶಾರದಾ' ಅಥವಾ ಎಂಎಎಸ್ 946-1 ತಳಿ 2007ರಲ್ಲಿ ಬಿಡುಗಡೆಯಾಯಿತು. ಕೆಸರು ಮಾಡದೆ, ನೀರು ನಿಲ್ಲಿಸದೆ, ರಾಗಿಯಂತೆ ನೇರವಾಗಿ ಬಿತ್ತಿ ಬೆಳೆಯಬಹುದಾದ ಏರೋಬಿಕ್ ಭತ್ತವಿದು. 2023ರ ಬರಗಾಲದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿ, ಕಾವೇರಿ ಅಚ್ಚುಕಟ್ಟಿನ ರೈತರು ಭತ್ತದ ನೀರಿಗಾಗಿ ಪರದಾಡಿದ್ದನ್ನು ನೆನೆದರೆ ಇಂತಹ ಸಂಶೋಧನೆಯ ಬೆಲೆ ಅರಿವಾಗುತ್ತದೆ.

2025ರ ಎರಡು ತಳಿಗಳು

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ಜೀನೋಮ್ ತಿದ್ದುಪಡಿಯ 'ಡಿಆರ್‌ಆರ್ ಧಾನ್ 100 (ಕಮಲಾ)' ಮತ್ತು 'ಪುಸಾ ಡಿಎಸ್‌ಟಿ ರೈಸ್ 1' ತಳಿಗಳನ್ನು ಪ್ರಕಟಿಸಿದರು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ 'ಕಮಲಾ' ತಳಿಯ ಮೂಲ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ತುಂಗಭದ್ರಾ ಅಚ್ಚುಕಟ್ಟಿನ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ರೈತರಿಗೆ ಇದು ಚಿರಪರಿಚಿತ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎರಡನೇ ತಳಿಯ ಮೂಲ ಎಂಟಿಯು 1010. 'ಕಮಲಾ' ಶಿಫಾರಸಾದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ.

ಈ ತಳಿಗಳಲ್ಲಿ ಹೊರಗಿನ ವಂಶವಾಹಿ ಇಲ್ಲವೆಂಬುದು ಸಂಸ್ಥೆಗಳ ವಿವರಣೆ. ಭತ್ತದ ಸ್ವಂತ ವಂಶವಾಹಿಯೊಂದನ್ನೇ ನಿಖರವಾಗಿ ಕತ್ತರಿಸಿ ನಿಷ್ಕ್ರಿಯಗೊಳಿಸಲಾಗಿದೆ. ಇಂತಹ ತಿದ್ದುಪಡಿಗಳನ್ನು ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚ್‌ನಲ್ಲಿ ಹೊರಗಿಟ್ಟಿತ್ತು. ಇಳುವರಿ ಹೆಚ್ಚಳದ ಹೇಳಿಕೆಗೆ ಆಧಾರವಾದ ಪರೀಕ್ಷಾ ಅಂಕಿ ಅಂಶಗಳನ್ನೂ, ತಂತ್ರಜ್ಞಾನದ ಪೇಟೆಂಟ್ ಹಕ್ಕುಗಳನ್ನೂ ಕೆಲವು ಸಂಘಟನೆಗಳು ಪ್ರಶ್ನಿಸಿವೆ. ಚರ್ಚೆ ಏನೇ ಇರಲಿ, ತಿದ್ದುಪಡಿಯಾದ ಕೋಶವೊಂದು ಗದ್ದೆಯ ಪೈರಾಗಲು ಅಂಗಾಂಶ ಕೃಷಿಯ ಕೋಣೆಯನ್ನು ದಾಟಿಯೇ ಬರಬೇಕು.

ಸೋಲು ಎಲ್ಲಿ?

ಭತ್ತದ ಎಲ್ಲ ತಳಿಗಳೂ ಪ್ರಯೋಗಾಲಯದಲ್ಲಿ ಸಮಾನವಾಗಿ ಸ್ಪಂದಿಸುವುದಿಲ್ಲ ಎಂಬುದೇ ಈ ವಿಧಾನದ ಬಹುದೊಡ್ಡ ತೊಡಕು. ಜಪಾನಿನ 'ನಿಪ್ಪಾನ್‌ಬಾರೆ'ಯಂತಹ ಜಪೋನಿಕಾ ತಳಿಗಳು ಸುಲಭವಾಗಿ ಕ್ಯಾಲಸ್ ನೀಡಿ ಚಿಗುರುತ್ತವೆ. ಭಾರತದಲ್ಲಿ ಬಹುಪಾಲು ಬೆಳೆಯುವುದು ಇಂಡಿಕಾ ಗುಂಪಿನ ಭತ್ತ. ಇವುಗಳಲ್ಲಿ ಕೆಲವು ಕ್ಯಾಲಸ್ ನೀಡಿದರೂ ಚಿಗುರುವುದಿಲ್ಲ. ಕೆಲವು ಬೇಗನೆ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತವೆ. ಒಂದು ತಳಿಗೆ ಹೊಂದುವ ಹಾರ್ಮೋನಿನ ಪ್ರಮಾಣ ಮತ್ತೊಂದಕ್ಕೆ ಹೊಂದದು.

ಪರಾಗಕೋಶ ಕೃಷಿಯಲ್ಲಿ ಇನ್ನೊಂದು ನಿರಾಸೆ ಕಾದಿರುತ್ತದೆ. ಚಿಗುರಿದ ಸಸಿಗಳಲ್ಲಿ ಗಣನೀಯ ಭಾಗ ಪತ್ರಹರಿತ್ತೇ ಇಲ್ಲದೆ ಹಾಲಿನಂತೆ ಬೆಳ್ಳಗಿರುತ್ತವೆ. ಸೀಸೆಯ ಸಕ್ಕರೆ ಇರುವವರೆಗೆ ಬದುಕಿ, ಹೊರಗೆ ಬಂದೊಡನೆ ಸಾಯುತ್ತವೆ.

ಮೂರನೆಯದು, ಬೇಡದ ಬದಲಾವಣೆ. ಕ್ಯಾಲಸ್ ಹಂತದಲ್ಲಿ ಕೋಶಗಳನ್ನು ತಿಂಗಳುಗಟ್ಟಲೆ ಇರಿಸಿದರೆ ವರ್ಣತಂತುಗಳಲ್ಲಿ ತಾವಾಗಿಯೇ ವ್ಯತ್ಯಾಸಗಳು ಸಂಭವಿಸುತ್ತವೆ. ಕುಳ್ಳಗಿನ ಗಿಡ, ಜೊಳ್ಳು ತೆನೆ, ತಡವಾದ ಹೂ ಇದರ ಫಲ. 1981ರಲ್ಲಿ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಈ ವಿದ್ಯಮಾನಕ್ಕೆ 'ಸೋಮಾಕ್ಲೋನಲ್ ವ್ಯತ್ಯಯ' ಎಂದು ಹೆಸರಿಟ್ಟು, ಅದರಲ್ಲಿಯೂ ಉಪಯುಕ್ತ ಗುಣಗಳನ್ನು ಹುಡುಕಬಹುದೆಂದು ಸೂಚಿಸಿದರು. ಆದರೆ ತಳಿಯ ಗುಣ ಬದಲಾಗಬಾರದೆಂದು ಬಯಸುವವರಿಗೆ ಕ್ಯಾಲಸ್ ಅವಧಿಯನ್ನು ಆದಷ್ಟು ಕಡಿಮೆ ಮಾಡುವುದೇ ದಾರಿ.

ಸ್ಥಳೀಯ ತಳಿಗಳ ಪ್ರಶ್ನೆ

ಇಂಡಿಕಾ ತಳಿಗಳ ಈ ಹಠಮಾರಿತನ ಪ್ರಯೋಗಾಲಯದ ಗೋಡೆಗಳಾಚೆಗೂ ಪರಿಣಾಮ ಬೀರುತ್ತದೆ. ಮುಂದಿನ ದಿನಗಳಲ್ಲಿ ರೋಗ ನಿರೋಧಕತೆ, ಬರ ಸಹಿಷ್ಣುತೆ ಮೊದಲಾದ ಗುಣಗಳು ಜೀನೋಮ್ ತಿದ್ದುಪಡಿಯ ಮೂಲಕ ಬರುವುದಾದರೆ, ಕ್ಯಾಲಸ್‌ನಿಂದ ಸುಲಭವಾಗಿ ಚಿಗುರುವ ತಳಿಗಳಿಗೇ ಅವು ಮೊದಲು ದಕ್ಕುತ್ತವೆ. ಹಾಸನ, ಮಂಡ್ಯ ಭಾಗದ ರಾಜಮುಡಿ, ಮಲೆನಾಡಿನ ಸುವಾಸನೆಯ ಸಣ್ಣಕ್ಕಿಗಳು, ಕರಾವಳಿಯ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗದಂತಹ ತಳಿಗಳಿಗೆ ಸೂಕ್ತ ಮಾಧ್ಯಮವನ್ನು ಯಾರೂ ರೂಪಿಸದಿದ್ದರೆ ಅವು ಈ ಓಟದಿಂದ ಹೊರಗುಳಿಯುತ್ತವೆ. ಯಾವ ತಳಿಗೆ ಎಷ್ಟು ಹಾರ್ಮೋನು, ಯಾವ ಲವಣ, ಎಷ್ಟು ದಿನದ ಕತ್ತಲೆ ಎಂಬ ಪಟ್ಟಿಯನ್ನು ತಾಳ್ಮೆಯಿಂದ ತಯಾರಿಸುವ ಕೆಲಸ ಪ್ರಚಾರ ತರುವಂಥದ್ದಲ್ಲ. ಆದರೆ ಅದನ್ನು ಮಾಡಲು ದೊಡ್ಡ ಯಂತ್ರಗಳೂ ಬೇಕಿಲ್ಲ. ಕಾಲೇಜಿನ ಸಾಧಾರಣ ಪ್ರಯೋಗಾಲಯವೂ ಕೈಗೊಳ್ಳಬಹುದಾದ ಕೆಲಸವಿದು.

ಲಗ್ಗೆರೆಯ ವಿದ್ಯಾರ್ಥಿಗೆ ಕಿವಿಮಾತು

2007ರಲ್ಲಿ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದ ಲಗ್ಗೆರೆಯಲ್ಲಿ ಇಂದು ಭತ್ತದ ಪೈರಿಗಿಂತ ಪೀಣ್ಯದ ಕಾರ್ಖಾನೆಗಳ ಸದ್ದೇ ಹೆಚ್ಚು. ಇಲ್ಲಿನ ಕಾರ್ಮಿಕ ಕುಟುಂಬಗಳು ಮಕ್ಕಳ ವಿಜ್ಞಾನ ಪದವಿಗಾಗಿ ದುಡಿಮೆಯ ದೊಡ್ಡ ಪಾಲನ್ನು ತೆಗೆದಿಡುತ್ತವೆ. ಅಂಗಾಂಶ ಕೃಷಿಯ ಅಲ್ಪಾವಧಿ ತರಬೇತಿಗೆ ಶುಲ್ಕ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಉಚಿತ. ಮಾಧ್ಯಮವನ್ನು ಅಭ್ಯರ್ಥಿಯೇ ತೂಗಿ ತಯಾರಿಸಬೇಕೇ, ಅಥವಾ ಸಿದ್ಧ ತಟ್ಟೆ ಕೊಡುತ್ತಾರೆಯೇ? ತರಬೇತಿಯ ಅವಧಿ ಕ್ಯಾಲಸ್ ಚಿಗುರುವವರೆಗೆ ಸಾಕೇ? ಭತ್ತಕ್ಕೆ ಮೂರು ತಿಂಗಳು ಬೇಕಿರುವಾಗ ಒಂದು ವಾರದಲ್ಲಿ 'ಬೀಜದಿಂದ ಗಿಡ' ಕಲಿಸುವೆವೆಂಬ ಭರವಸೆ ನಂಬಲರ್ಹವಲ್ಲ. ಸೋಂಕು ತಗುಲಿದ ತಟ್ಟೆಗಳ ಲೆಕ್ಕ ಇಡುತ್ತಾರೆಯೇ? ಈ ಲೆಕ್ಕ ಇಡದ ಪ್ರಯೋಗಾಲಯದಲ್ಲಿ ಕಲಿಯುವುದು ಅಲ್ಪ.

ಉದ್ಯೋಗದ ದೃಷ್ಟಿಯಿಂದ ಭತ್ತದ ಕ್ಯಾಲಸ್ ಪರಿಣತಿ ಸಂಶೋಧನಾ ಸಂಸ್ಥೆಗಳಿಗೆ ಮತ್ತು ಬೀಜ ಕಂಪನಿಗಳಿಗೆ ಸೀಮಿತ. ಬಾಳೆ, ಅಲಂಕಾರಿಕ ಗಿಡಗಳ ವಾಣಿಜ್ಯ ಘಟಕಗಳಲ್ಲಿ ಅವಕಾಶ ಹೆಚ್ಚು. ಅಂತಹ ಘಟಕಗಳಿಗೆ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯು 2006ರಿಂದ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು ನಡೆಸುತ್ತಿದೆ. ಸೋಂಕುರಹಿತವಾಗಿ ಕೆಲಸ ಮಾಡುವ ಕೈ ಎರಡೂ ಕಡೆ ಬೇಕು.

ಒಂದು ನೋಟದಲ್ಲಿ

ಆರಂಭದ ವಸ್ತು: ಸಿಪ್ಪೆ ತೆಗೆದ, ಪಾಲಿಶ್ ಮಾಡದ, ಮೊಳೆಯುವ ಶಕ್ತಿಯುಳ್ಳ ಭತ್ತದ ಕಾಳು.

ಕ್ಯಾಲಸ್: ಎಂಎಸ್ ಅಥವಾ ಎನ್6 ಮಾಧ್ಯಮ, ಲೀಟರಿಗೆ ಸುಮಾರು 2 ಮಿಲಿಗ್ರಾಂ 2,4-ಡಿ, ಕತ್ತಲೆ, 25ರಿಂದ 28 ಡಿಗ್ರಿ, 3ರಿಂದ 4 ವಾರ.

ಚಿಗುರು: ಸೈಟೋಕೈನಿನ್ ಹೆಚ್ಚು, ಆಕ್ಸಿನ್ ಕಡಿಮೆ, ದಿನಕ್ಕೆ 16 ಗಂಟೆ ಬೆಳಕು, 4ರಿಂದ 6 ವಾರ.

ಬೇರು: ಅರ್ಧ ಸಾಂದ್ರತೆಯ ಎಂಎಸ್ ಮಾಧ್ಯಮ, 2ರಿಂದ 3 ವಾರ.

ಹದಗೊಳಿಸುವಿಕೆ: ಹೊದಿಕೆಯಡಿ 1ರಿಂದ 2 ವಾರ.

ಮುಖ್ಯ ಅಡೆತಡೆ: ಸೋಂಕು, ಕ್ಯಾಲಸ್ ಕಂದಾಗುವುದು, ಇಂಡಿಕಾ ತಳಿಗಳ ಮಂದ ಸ್ಪಂದನ, ಬೇಡದ ಆನುವಂಶಿಕ ವ್ಯತ್ಯಾಸ.

ಮುಖ್ಯ ಉಪಯೋಗ: ಹೊಸ ತಳಿಗಳ ಅಭಿವೃದ್ಧಿ ಮತ್ತು ಸಂಶೋಧನೆ. ರೈತರ ನಾಟಿಗೆ ಪ್ರಮಾಣೀಕೃತ ಬೀಜವೇ ಸಾಕು.